ಆಗದೇ ಹೋದ ಸಂಧಿ

ಆಗಸ್ಟ್ 23, 2024, ಶುಕ್ರವಾರ

1939ರಲ್ಲಿ ಇದೇ ತಾರೀಕಿನಂದು ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಮತ್ತು ಜರ್ಮನಿಯ ವಿದೇಶಾಂಗ ಮಂತ್ರಿ ರಿಬ್ಬೆನ್‌ಟ್ರಾಪ್ ಮಾಸ್ಕೋದಲ್ಲಿ ಅನಾಕ್ರಮಣ ಒಪ್ಪಂದ ಮಾಡಿಕೊಂಡರು. 1942ರಲ್ಲಿ ಇದೇ ದಿನ ಜರ್ಮನ್ ವಿಮಾನಗಳು ಸ್ಟಾಲಿನ್‌ಗ್ರಾಡ್ ನಗರವನ್ನು ಸುಟ್ಟು ಬೂದಿ ಮಾಡಿದವು. ಮರುವರ್ಷ ಇದೇ ದಿನ ಸೋವಿಯತ್ ಒಕ್ಕೂಟದ ಕೆಂಪು ಸೇನೆ ಖಾರ್ಕೋವ್ ನಗರವನ್ನು ಮರಳಿ ಗೆದ್ದಿತು. ಇದು ಬರಿಯ ಕಾಕತಾಳೀಯವೇ ಸರಿ. ಆದರೂ ಕೆಲವು ವಾರಗಳಿಂದ ಬರೆಯಲು ಹೆಣಗುತ್ತಿರುವ ಒಂದು ಕಲ್ಪಿತ ಇತಿಹಾಸದ ಟಿಪ್ಪಣಿಗಳನ್ನು ಕೂಡಿಸಿಡಲು ತಕ್ಕ ದಿನವೆಂದು ತೋರಿತು. ಅದರ ಪ್ರಶ್ನೆ ಇಷ್ಟೇ: ಎರಡನೆಯ ಮಹಾಯುದ್ಧದ ನಡುವೆ, ಬ್ರಿಟನ್ ಮತ್ತು ಅಮೆರಿಕವನ್ನು ಹೊರಗಿಟ್ಟು, ಸೋವಿಯತ್ ಒಕ್ಕೂಟವೂ ಜರ್ಮನಿಯೂ ಪ್ರತ್ಯೇಕ ಸಂಧಿ ಮಾಡಿಕೊಂಡಿದ್ದರೆ ಏನಾಗುತ್ತಿತ್ತು?

ಸ್ಟಾಲಿನ್ ಅಂಥ ಸಂಧಿಗೆ ಸಹಿ ಹಾಕುತ್ತಿದ್ದನೇ ಎಂಬ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ಸೋವಿಯತ್ ಗುಪ್ತಚರ ಅಧಿಕಾರಿ ಪಾವೆಲ್ ಸುಡೋಪ್ಲಾಟೊವ್, ಗುಪ್ತ ಪೊಲೀಸ್ ಮುಖ್ಯಸ್ಥ ಬೆರಿಯಾನ ಬಂಧನವಾದ ಮೇಲೆ 1953ರಲ್ಲಿ ಕೊಟ್ಟ ಲಿಖಿತ ಹೇಳಿಕೆಯ ಪ್ರಕಾರ, 1941ರಲ್ಲಿ ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ಬೆರಿಯಾ ಅವನನ್ನು ಬಲ್ಗೇರಿಯಾದ ರಾಯಭಾರಿ ಸ್ಟಾಮೆನೊವ್ ಬಳಿಗೆ ಕಳುಹಿಸಿದ್ದ. ಮಾಸ್ಕೋದ ಅರಾಗ್ವಿ ಎಂಬ ಜಾರ್ಜಿಯನ್ ಹೋಟೆಲಿನಲ್ಲಿ ಊಟದ ಮೇಜಿನ ಎದುರು ಅವನು ಕೇಳಬೇಕಾಗಿದ್ದದ್ದು ನಾಲ್ಕು ಪ್ರಶ್ನೆಗಳನ್ನು. ಜರ್ಮನಿ ಒಪ್ಪಂದ ಮುರಿದದ್ದೇಕೆ, ಯಾವ ಷರತ್ತಿನ ಮೇಲೆ ಯುದ್ಧ ನಿಲ್ಲಿಸುತ್ತದೆ, ಬಾಲ್ಟಿಕ್ ನಾಡುಗಳು, ಉಕ್ರೇನ್, ಬೆಸ್ಸರೇಬಿಯಾ, ಬುಕೊವಿನಾ ಮತ್ತು ಕರೇಲಿಯನ್ ಭೂಸಂಧಿಯನ್ನು ಬಿಟ್ಟುಕೊಟ್ಟರೆ ಸಾಕೇ, ಸಾಲದಿದ್ದರೆ ಇನ್ನೇನು ಬೇಕು. ಇದೆಲ್ಲ ಜರ್ಮನರ ದಾರಿ ತಪ್ಪಿಸಲು ಹೂಡಿದ ತಂತ್ರವೆಂದು ಸುಡೋಪ್ಲಾಟೊವ್ ಆಮೇಲೆ ವಾದಿಸಿದ. ಸ್ಟಾಮೆನೊವ್ ಈ ಮಾತನ್ನು ತನ್ನ ಸರ್ಕಾರಕ್ಕೆ ದಾಟಿಸಿದಂತೆಯೂ ಕಾಣುವುದಿಲ್ಲ. ತಂತ್ರವೋ ನಿಜವೋ, ಆ ಪಟ್ಟಿಯನ್ನು ನೋಡಿದರೆ 1939 ಮತ್ತು 1940ರಲ್ಲಿ ನುಂಗಿದ ಬಹುಪಾಲು ನೆಲವನ್ನು ಕಕ್ಕಿ, ಅದರ ಮೇಲೆ ಉಕ್ರೇನನ್ನು ದಕ್ಷಿಣೆಯಾಗಿ ಕೊಡುವ ಲೆಕ್ಕಾಚಾರ ಎದ್ದು ಕಾಣುತ್ತದೆ. ಮೊದಲ ಮಹಾಯುದ್ಧದ ನಡುವೆ ಲೆನಿನ್ 1918ರ ಮಾರ್ಚ್ 3ರಂದು ಜರ್ಮನಿಯೊಡನೆ ಬ್ರೆಸ್ಟ್-ಲಿಟೊವ್‌ಸ್ಕ್‌ನಲ್ಲಿ ಮಾಡಿಸಿದ್ದೂ ಇಂಥದ್ದೇ ಕೆಲಸ: ನೆಲ ಕೊಟ್ಟು ಕಾಲ ಕೊಳ್ಳುವುದು. ಗುರುವಿನ ಪಾಠ ಶಿಷ್ಯನಿಗೆ ಮರೆತಿರಲಿಲ್ಲ.

ಆದರೆ 1941ರಲ್ಲಿ ಗೆಲ್ಲುತ್ತಿದ್ದ ಹಿಟ್ಲರನಿಗೆ ಸಂಧಿ ಬೇಕಿರಲಿಲ್ಲ, 1944ರಲ್ಲಿ ಗೆಲ್ಲುತ್ತಿದ್ದ ಸ್ಟಾಲಿನನಿಗೆ ಬೇಕಿರಲಿಲ್ಲ. ಇಬ್ಬರೂ ದಣಿದು, ಇಬ್ಬರೂ ಇನ್ನೂ ಬಲವಾಗಿಯೇ ಇದ್ದ ಕಾಲ ಒಂದೇ: ಸ್ಟಾಲಿನ್‌ಗ್ರಾಡ್‌ನಲ್ಲಿ ಕೊನೆಯ ಜರ್ಮನ್ ತುಕಡಿ ಶರಣಾದ 1943ರ ಫೆಬ್ರವರಿ 2ರಿಂದ ಕುರ್ಸ್ಕ್ ಕದನ ಶುರುವಾದ ಜುಲೈ 5ರವರೆಗೆ. ಮಾರ್ಚ್ ನಡುವಿನಲ್ಲಿ ಜರ್ಮನ್ ಸೇನಾಪತಿ ಮಾನ್‌ಸ್ಟೈನ್ ಖಾರ್ಕೋವ್ ನಗರವನ್ನು ಕಿತ್ತುಕೊಂಡು, ಕೆಂಪು ಸೇನೆಯ ಓಟಕ್ಕೆ ತಡೆ ಹಾಕಿದ. ಹಿಮ ಕರಗಿ ನೆಲವೆಲ್ಲ ಕೆಸರಾದ ಮೇಲೆ ಎರಡೂ ಸೇನೆಗಳು ನಿಂತಲ್ಲೇ ನಿಂತವು. ಅತ್ತ ಎರಡನೆಯ ರಣರಂಗವನ್ನು 1943ರಲ್ಲಿ ಫ್ರಾನ್ಸಿನಲ್ಲಿ ತೆರೆಯಲಾಗುವುದಿಲ್ಲವೆಂದು ಮಿತ್ರರು ತಿಳಿಸಿದಾಗ ಸ್ಟಾಲಿನ್ ಸಿಟ್ಟಾದ. ಆ ಬೇಸಿಗೆಯಲ್ಲಿ ಸೋವಿಯತ್ ರಾಯಭಾರಿಗಳನ್ನು, ಲಂಡನ್ನಿನಿಂದ ಮಾಯ್‌ಸ್ಕಿಯನ್ನೂ ವಾಷಿಂಗ್ಟನ್ನಿನಿಂದ ಲಿಟ್ವಿನೊವ್‌ನನ್ನೂ ವಾಪಸು ಕರೆಸಿಕೊಳ್ಳಲಾಯಿತು. ಇದೇ ಹೊತ್ತಿನಲ್ಲಿ ರಿಬ್ಬೆನ್‌ಟ್ರಾಪ್ ಕಚೇರಿಯ ಪೀಟರ್ ಕ್ಲೈಸ್ಟ್, ಸ್ಟಾಕ್‌ಹೋಮ್‌ನಲ್ಲಿ ಎಡ್ಗರ್ ಕ್ಲಾಸ್ ಎಂಬ ಮಧ್ಯವರ್ತಿಯನ್ನು ಭೇಟಿಯಾಗುತ್ತಿದ್ದ. ಕ್ಲಾಸ್ ತನಗೆ ಸೋವಿಯತ್ ರಾಯಭಾರ ಕಚೇರಿಯ ಒಳಸಂಪರ್ಕವಿದೆ ಎನ್ನುತ್ತಿದ್ದ. ಅವನ ಮಾತಿಗೆ ನಾನಂತೂ ಕವಡೆ ಕಾಸಿನ ಬೆಲೆಯನ್ನೂ ಕೊಡಲಾರೆ; ಆದರೆ ಅವನನ್ನು ಹುಡುಕಿಕೊಂಡು ಹೋಗುವವರು ಬರ್ಲಿನ್ನಿನಲ್ಲಿ ಇದ್ದರು ಎಂಬುದಕ್ಕೆ ಬೆಲೆಯಿದೆ.

ಕಲ್ಪಿತ ಇತಿಹಾಸ ಬರೆಯುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಸ್ಟಾಲಿನ್ ಒಪ್ಪಿದರೆ ಸಂಧಿ ಆಗಿಯೇ ಬಿಟ್ಟಿತೆಂದು ಅವರು ನಕಾಶೆಯ ಮೇಲೆ ಗೆರೆ ಎಳೆಯಲು ಕೂರುತ್ತಾರೆ. ಹಿಟ್ಲರನಿಗೆ ರಷ್ಯಾ ಒಂದು ಎದುರಾಳಿ ರಾಜ್ಯವಾಗಿರಲಿಲ್ಲ, ಜನರನ್ನು ತೆರವುಗೊಳಿಸಿ ಜರ್ಮನರನ್ನು ನೆಲೆಗೊಳಿಸಬೇಕಾದ ಭೂಮಿಯಾಗಿತ್ತು. ಮುಸೊಲಿನಿ 1942ರ ಡಿಸೆಂಬರಿನಲ್ಲಿ ತನ್ನ ವಿದೇಶಾಂಗ ಮಂತ್ರಿ ಚಿಯಾನೊ ಮೂಲಕ, 1943ರ ಏಪ್ರಿಲಿನಲ್ಲಿ ತಾನೇ ಎದುರು ಕೂತು, ರಷ್ಯಾದೊಡನೆ ರಾಜಿ ಮಾಡಿಕೊಳ್ಳೆಂದು ಹೇಳಿದ, ಹಿಟ್ಲರ್ ಕಿವಿಗೊಡಲಿಲ್ಲ. ಜಪಾನ್ ಮಧ್ಯಸ್ಥಿಕೆಗೆ ಮುಂದಾದಾಗ 1943ರ ಸೆಪ್ಟೆಂಬರಿನಲ್ಲಿ ಸೋವಿಯತ್ ಸರ್ಕಾರ ಅದನ್ನು ನಿರಾಕರಿಸಿ, ಮಿತ್ರರಿಗೂ ತಿಳಿಸಿತು. ಆದರೆ ಆಗ ಕುರ್ಸ್ಕ್ ಕದನವನ್ನು ಕೆಂಪು ಸೇನೆ ಗೆದ್ದಾಗಿತ್ತು, ನಿರಾಕರಿಸುವುದು ಸುಲಭವಾಗಿತ್ತು. ಆದ್ದರಿಂದ ಸಂಧಿ ಆಗಬೇಕಾದರೆ ಮೊದಲು ಹಿಟ್ಲರ್ ಹೋಗಬೇಕು.

ಅದಕ್ಕೆ ಇತಿಹಾಸವೇ ಒಂದು ಬಾಗಿಲನ್ನು ತೆರೆದಿಟ್ಟಿದೆ. 1943ರ ಮಾರ್ಚ್ 13ರಂದು ಸ್ಮೊಲೆನ್ಸ್ಕ್‌ಗೆ ಬಂದು ಹಿಂದಿರುಗುತ್ತಿದ್ದ ಹಿಟ್ಲರನ ವಿಮಾನದಲ್ಲಿ ಅವನನ್ನು ಕೊಲ್ಲಲು ಪಿತೂರಿ ಹೂಡಿದ್ದ ಜರ್ಮನ್ ಸೇನಾಧಿಕಾರಿ ಹೆನ್ನಿಂಗ್ ಫಾನ್ ಟ್ರೆಸ್ಕೊ ಒಂದು ಪೊಟ್ಟಣವನ್ನು ಇರಿಸಿದ. ಗೆಳೆಯನಿಗೆ ಕೊಡಬೇಕಾದ ಎರಡು ಬಾಟಲಿ ಮದ್ಯವೆಂದು ಹೇಳಿ ಪರಿವಾರದ ಅಧಿಕಾರಿಯೊಬ್ಬನ ಕೈಗಿತ್ತ ಆ ಪೊಟ್ಟಣದಲ್ಲಿ ಇದ್ದದ್ದು ಬ್ರಿಟಿಷ್ ಸ್ಫೋಟಕ. ಆಮ್ಲವು ತಂತಿಯನ್ನು ಕೊರೆಯಿತು, ಮೊಳೆ ಹೊಡೆಯಿತು, ಆದರೆ ಬಹುಶಃ ಚಳಿಯಿಂದಾಗಿ ಸಿಡಿಮದ್ದು ಹೊತ್ತಿಕೊಳ್ಳಲಿಲ್ಲ. ಮರುದಿನ ಟ್ರೆಸ್ಕೊನ ಸಹಾಯಕ ಶ್ಲಾಬ್ರೆನ್‌ಡಾರ್ಫ್ ವಿಮಾನದಲ್ಲಿ ಹಿಟ್ಲರನ ಮುಖ್ಯ ಶಿಬಿರವಿದ್ದ ರಾಸ್ಟೆನ್‌ಬರ್ಗ್‌ಗೆ ಹೋಗಿ, ನಿಜವಾದ ಮದ್ಯದ ಬಾಟಲಿಗಳನ್ನು ಕೊಟ್ಟು, ಪೊಟ್ಟಣವನ್ನು ವಾಪಸು ಪಡೆದು ಬಿಚ್ಚಿ ನೋಡಿದ. ನನ್ನ ಕಥೆಯಲ್ಲಿ ಆ ಸಿಡಿಮದ್ದು ಹೊತ್ತಿಕೊಳ್ಳುತ್ತದೆ. ಉಳಿದದ್ದನ್ನು ಆದಷ್ಟೂ ಬದಲಿಸದಿರುವುದೇ ನಾನು ಹಾಕಿಕೊಂಡಿರುವ ನಿಯಮ.

ತೊಡಕೆಂದರೆ, ಈ ಪಿತೂರಿಗಾರರಲ್ಲಿ ಬಹುಮಂದಿ ಬಯಸಿದ್ದು ಪಶ್ಚಿಮದೊಡನೆ ಸಂಧಿ, ಪೂರ್ವದೊಡನೆ ಯುದ್ಧ. ಆದರೆ ರೂಸ್‌ವೆಲ್ಟ್ ಜನವರಿಯಲ್ಲೇ ಕಾಸಾಬ್ಲಾಂಕಾದಲ್ಲಿ ಬೇಷರತ್ ಶರಣಾಗತಿ ಬಿಟ್ಟು ಬೇರೆ ಮಾತಿಲ್ಲವೆಂದು ಸಾರಿದ್ದ. ಲಂಡನ್ನಿನ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಮಾಸ್ಕೋದ ಬಾಗಿಲೇ. ಅದನ್ನು ತಟ್ಟಬಲ್ಲವನೂ ಒಬ್ಬನಿದ್ದ: ಮಾಸ್ಕೋದಲ್ಲಿ ಕೊನೆಯ ಜರ್ಮನ್ ರಾಯಭಾರಿಯಾಗಿದ್ದ ಕೌಂಟ್ ಶುಲೆನ್‌ಬರ್ಗ್, 1941ರ ಜೂನ್ 22ರ ನಸುಕಿನಲ್ಲಿ ಮೊಲೊಟೊವ್‌ಗೆ ಯುದ್ಧದ ಸುದ್ದಿಯನ್ನು ಮುಟ್ಟಿಸಬೇಕಾಗಿ ಬಂದವನು. ಅವನನ್ನು ಯುದ್ಧರಂಗದ ಸಾಲು ದಾಟಿಸಿ ಸ್ಟಾಲಿನ್ ಬಳಿಗೆ ಕಳುಹಿಸುವ ಆಲೋಚನೆ ಪಿತೂರಿಗಾರರಲ್ಲಿ ನಿಜವಾಗಿಯೂ ನಡೆದಿತ್ತು. ನಿಜದಲ್ಲಿ ಅವನು 1944ರ ನವೆಂಬರ್ 10ರಂದು ಗಲ್ಲಿಗೇರಿದ. ಕಥೆಯಲ್ಲಿ ಏಪ್ರಿಲಿನ ಕೆಸರಿನಲ್ಲಿ ಬಿಳಿ ಬಾವುಟ ಹಿಡಿದು ನಡೆಯುತ್ತಾನೆ.

ಷರತ್ತುಗಳನ್ನು ಬರೆಯಲು ಕುಳಿತಾಗ ಕೈ ನಿಂತುಬಿಡುತ್ತದೆ. ಗಡಿಯನ್ನು ಹೇಗೋ ಎಳೆಯಬಹುದು: ಸ್ಟಾಲಿನ್ 1941ರ ಗಡಿಯನ್ನು ಕೇಳುತ್ತಾನೆ, ಜರ್ಮನರು ಉಕ್ರೇನಿನ ಗೋಧಿಯನ್ನೂ ನಿಕೊಪೊಲ್‌ನ ಮ್ಯಾಂಗನೀಸನ್ನೂ ಬಿಡಲೊಲ್ಲರು, ಕೊನೆಗೆ ನೀಪರ್ ನದಿಯೋ ಅದರ ಪಶ್ಚಿಮಕ್ಕೆ ಇನ್ನೊಂದು ಗೆರೆಯೋ ಗಡಿಯಾಗುತ್ತದೆ. ಜನರದ್ದು ಹಾಗಲ್ಲ. 1942ರ ವಸಂತದ ಹೊತ್ತಿಗೇ ಜರ್ಮನರ ಕೈಯಲ್ಲಿ ಸುಮಾರು 20 ಲಕ್ಷ ಸೋವಿಯತ್ ಯುದ್ಧ ಕೈದಿಗಳು ಹಸಿವಿನಿಂದ, ಚಳಿಯಿಂದ, ಗುಂಡೇಟಿನಿಂದ ಸತ್ತಿದ್ದರು. ಬದುಕುಳಿದವರನ್ನು ಹಿಂದಿರುಗಿಸುವ ಕಲಮನ್ನು ಹಾಕಿದರೆ, ಶರಣಾದವರನ್ನು ದ್ರೋಹಿಗಳೆಂದು 1941ರ ಆಗಸ್ಟಿನಲ್ಲಿ ಆದೇಶ ಹೊರಡಿಸಿದ್ದ ಸ್ಟಾಲಿನ್ ಅದನ್ನು ಒತ್ತಾಯಿಸುತ್ತಾನೆಯೇ? ಅವನ ಸ್ವಂತ ಮಗ ಯಾಕೊವ್ ಸತ್ತದ್ದು 1943ರ ಇದೇ ಏಪ್ರಿಲ್ 14ರಂದು, ಜರ್ಮನರ ಕೈದಿಯಾಗಿ, ಜಾಕ್ಸೆನ್‌ಹೌಸೆನ್ ಶಿಬಿರದಲ್ಲಿ. ಅದಕ್ಕೆ ಒಂದು ದಿನ ಮೊದಲು ಕಾಟಿನ್ ಕಾಡಿನಲ್ಲಿ, ಸೋವಿಯತ್ ಗುಪ್ತ ಪೊಲೀಸರು ಕೊಂದಿದ್ದ ಪೋಲಿಷ್ ಅಧಿಕಾರಿಗಳ ಸಾಮೂಹಿಕ ಗೋರಿಗಳು ಸಿಕ್ಕವೆಂದು ಜರ್ಮನ್ ರೇಡಿಯೊ ಸಾರಿತು. ಏಪ್ರಿಲ್ 19ರಂದು ವಾರ್ಸಾ ಘೆಟ್ಟೊದ ಯಹೂದಿಗಳು ಬಂಡೆದ್ದರು. ಹೊಸ ಗೆರೆಯ ಪಶ್ಚಿಮಕ್ಕೆ ಉಳಿಯುವ ಯಹೂದಿಗಳ ಬಗ್ಗೆ ಸಂಧಿಯ ಎರಡೂ ಕಡೆಯವರು ಒಂದು ಸಾಲನ್ನೂ ಬರೆಯುವುದಿಲ್ಲ. ಔಶ್‌ವಿಟ್ಜ್‌ನ ಬಾಗಿಲನ್ನು 1945ರ ಜನವರಿ 27ರಂದು ತೆರೆದ ಸೇನೆ, ನನ್ನ ಕಥೆಯಲ್ಲಿ ನೀಪರ್ ದಂಡೆಯಲ್ಲೇ ನಿಂತಿರುತ್ತದೆ. ಇದನ್ನು ಮರೆಸಿ ಬರಿಯ ಸೇನಾ ಡಿವಿಷನ್ನುಗಳ ಲೆಕ್ಕ ಹಾಕುವ ಕಥೆಗಳು ನನಗೆ ರುಚಿಸುವುದಿಲ್ಲ.

ಡಿವಿಷನ್ನುಗಳ ಲೆಕ್ಕವೂ ಅಂದುಕೊಂಡಷ್ಟು ಸರಳವಲ್ಲ. ಪೂರ್ವ ರಂಗದಲ್ಲಿದ್ದ 30 ಲಕ್ಷದಷ್ಟು ಜರ್ಮನ್ ಸೈನಿಕರೆಲ್ಲ ರೈಲು ಹತ್ತಿ ಫ್ರಾನ್ಸಿಗೆ ಹೋಗಿಬಿಡುವುದಿಲ್ಲ. ಬ್ರೆಸ್ಟ್-ಲಿಟೊವ್‌ಸ್ಕ್ ಆದ ಮೇಲೂ ಉಕ್ರೇನನ್ನು ಹಿಡಿದಿಡಲು ಲಕ್ಷಾಂತರ ಸೈನಿಕರನ್ನು ಜರ್ಮನಿ ಪೂರ್ವದಲ್ಲೇ ಬಿಡಬೇಕಾಗಿತ್ತು. ಆದರೂ 1944ರ ಜೂನ್‌ನಲ್ಲಿ ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್ ಸೇರಿ ಸುಮಾರು 60 ಡಿವಿಷನ್ನುಗಳಿದ್ದ ಕಡೆ ಇನ್ನು 30 ಸೇರಿದರೂ ನಾರ್ಮಂಡಿ ದಾಳಿ ಆ ವರ್ಷ ನಡೆಯುವುದು ಅನುಮಾನ. ಸ್ಟಾಲಿನನಿಗೂ ನಷ್ಟವುಂಟು: ಅಮೆರಿಕದ ಲಾರಿ, ಡಬ್ಬಿಯ ಮಾಂಸ, ವಿಮಾನದ ಪೆಟ್ರೋಲು ಮರುದಿನವೇ ನಿಲ್ಲುತ್ತವೆ. ಅವು ಬರುತ್ತಿದ್ದ ದಾರಿಗಳಲ್ಲಿ ಒಂದಾದ ಇರಾನನ್ನು 1941ರಲ್ಲಿ ದಕ್ಷಿಣದಿಂದ ಆಕ್ರಮಿಸಿದ ಪಡೆಯಲ್ಲಿ ಭಾರತೀಯ ಡಿವಿಷನ್ನುಗಳಿದ್ದವು. ಉತ್ತರದಿಂದ ಬಂದು ಕೈಕುಲುಕಿದ ಸೋವಿಯತ್ ಸೈನಿಕರತ್ತ ಅವು ಈಗ ಬಂದೂಕು ತಿರುಗಿಸಿ ಕೂರಬೇಕಾಗುತ್ತದೆ. ಬರ್ಲಿನ್ ಮತ್ತು ಮಾಸ್ಕೋ ಒಂದಾಗಿರಲಿ ಎಂದು ಬಯಸಿದ್ದ ಸುಭಾಷ್‌ಚಂದ್ರ ಬೋಸರು ಆ ಮಾರ್ಚಿನಲ್ಲಿ, ಕೀಲ್ ಬಂದರಿನಿಂದ ಹೊರಟು, ಜಲಾಂತರ್ಗಾಮಿಯೊಳಗೆ ಪೂರ್ವದತ್ತ ಪಯಣಿಸುತ್ತಿದ್ದರು. ಅವರಿಗೊಂದು ಪುಟ್ಟ ಅಧ್ಯಾಯವನ್ನು ಮೀಸಲಿಟ್ಟಿದ್ದೇನೆ.

ಸಂಧಿ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಮಾತ್ರ ಇಂದು ತೀರ್ಮಾನಿಸಿದೆ. ಪಶ್ಚಿಮದಲ್ಲಿ ಜರ್ಮನಿ ಕೈಚೆಲ್ಲಿದ ಎರಡೇ ದಿನಕ್ಕೆ, 1918ರ ನವೆಂಬರ್ 13ರಂದು, ಲೆನಿನ್ ಸರ್ಕಾರ ಬ್ರೆಸ್ಟ್-ಲಿಟೊವ್‌ಸ್ಕ್ ಒಪ್ಪಂದವನ್ನು ರದ್ದುಪಡಿಸಿತ್ತು. ನನ್ನ ಕಥೆಯ ಸಂಧಿಗೆ 1943ರ ಮೇ ತಿಂಗಳಲ್ಲಿ ಸಹಿ ಬೀಳುತ್ತದೆ. ಮಿತ್ರರು ಒಂದು ವರ್ಷ ತಡವಾಗಿ, 1945ರ ಬೇಸಿಗೆಯಲ್ಲಿ, ಫ್ರಾನ್ಸಿನಲ್ಲಿ ನೆಲೆಯೂರಿದ ವಾರವೇ ಅದು ಮುರಿಯುತ್ತದೆ. ಮುರಿಯುವವನು ಸ್ಟಾಲಿನ್.