ಆ ‘ಯಾರೋ’ ಈಗ ನಾನು

ನಿನ್ನೆಯಿಂದ ನಮ್ಮ ಸ್ವಯಂಸೇವಕರ ಆಂಬುಲೆನ್ಸ್ ತಂಡಕ್ಕೆ ನಾನೇ ಕ್ಯಾಪ್ಟನ್. ವಿಶ್ ಮಾಡಿದವರಿಗೆಲ್ಲ ಥ್ಯಾಂಕ್ಸ್. ಕೈಗೆ ಸಿಕ್ಕಿದ್ದು ಒಂದು ಕೀ ಗೊಂಚಲು, ಅಂಚು ಮಡಚಿಹೋದ ಡ್ಯೂಟಿ ಪುಸ್ತಕ. ಅಷ್ಟೇ.

ಮೊದಲ ರಾತ್ರಿ ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಗಾಡಿಯೊಳಗೆ ಕೂತು ಡೇಟ್ ನೋಡಿದ್ದು. ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಪ್ಯಾಡ್‌ಗಳಿಗೂ ಎಕ್ಸ್‌ಪೈರಿ ಇರುತ್ತದೆ. ಜೆಲ್ ಒಣಗಿದರೆ ಎದೆಗೆ ಸರಿಯಾಗಿ ಅಂಟುವುದಿಲ್ಲ. ಒಂದು ಜೊತೆಗೆ ಮುಂದಿನ ತಿಂಗಳೇ ಕೊನೆ. ಆಕ್ಸಿಜನ್ ಸಿಲಿಂಡರ್‌ನ ಮುಳ್ಳು ಬೇರೆ ಕೆಂಪು ಗೆರೆ ಹತ್ತಿರ. ಇಷ್ಟು ವರ್ಷ ಇದನ್ನೆಲ್ಲ ಯಾರೋ ನೋಡಿಕೊಳ್ಳುತ್ತಿದ್ದರು, ಅಲ್ವಾ?

ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವ ಕೆಲಸ ಮಾಡುವವರ ಲೆಕ್ಕ ನೇರ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, 2 ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಎಷ್ಟೇ ಗಟ್ಟಿಗರಾದರೂ ಸುಸ್ತಾದಾಗ ಒತ್ತುವ ಆಳ ಕಡಿಮೆಯಾಗುತ್ತದೆ. ಒತ್ತುವವರಿಗೆ ಅದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ನಿಂತವರು ನೋಡಿ ‘ಸಾಕು, ಬಿಡು’ ಅನ್ನಬೇಕು. ಈಗ ನನ್ನ ಜಾಗ ಜಾಸ್ತಿ ಆ ಪಕ್ಕದಲ್ಲೇ. ಕೈ ಮಾತ್ರ ಸುಮ್ನೆ ಇರುವುದಿಲ್ಲ.

ಬೆಳಗಿನ ಜಾವ ಒಂದು ಕಾಲ್ ಮುಗಿಸಿ ಬಂದ ಹೊಸ ಹುಡುಗಿ ಸ್ಟ್ರೆಚರ್ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ಏನಾಯಿತು ಅಂತ ನಾನು ಕೇಳಲಿಲ್ಲ. ಇನ್ನೊಂದು ಬಟ್ಟೆ ತಗೊಂಡು ಆ ಕಡೆಯಿಂದ ಒರೆಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಮಾತು ಶುರು ಮಾಡಿದಳು. ಡ್ಯೂಟಿ ಪುಸ್ತಕ ತುಂಬುವುದು ಅಲ್ಲಿಗೇ ನಿಂತಿತು.

ಅಂದ ಹಾಗೆ, ಭಾನುವಾರ ರಾತ್ರಿ ಪಾಳಿಗೆ ಇನ್ನೂ ಒಬ್ಬರು ಬೇಕು. ಯಾರು ಬರ್ತೀರಿ?