ಸೂಜಿಗೆ ಎರಡು ತುದಿ

ಮಂಗಳವಾರ, 8 ಅಕ್ಟೋಬರ್ 2024

ಬೆಳಗ್ಗೆ ಕಸದ ಆಟೋದಮ್ಮನ ಹೆಬ್ಬೆರಳಿಗೆ ಬಟ್ಟೆ ಚೂರು ಸುತ್ತಿತ್ತು. ಏನಾಯ್ತು ಅಂದಿದ್ದಕ್ಕೆ, "ಏನಿಲ್ಲ ಬಿಡಕ್ಕ, ನಿನ್ನೆ ನಿಮ್ ಬಿಲ್ಡಿಂಗ್ ಒಣ ಕಸದಾಗೆ ಏನೋ ಚುಚ್ತು. ಸೊಳ್ಳೆ ಕಚ್ಚಿದಂಗೆ, ಅಷ್ಟೇಯ" ಅಂದ್ರು.

ಗಾಜಾದರೆ ಕೊಯ್ಯುತ್ತೆ, ರಕ್ತ ಸುರಿಯುತ್ತೆ, ಯಾರೂ ಅದನ್ನು ಸೊಳ್ಳೆ ಅನ್ನಲ್ಲ. ಸೊಳ್ಳೆ ಕಚ್ಚಿದ ಹಾಗೆ ಚುಚ್ಚೋದು ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಪೆನ್ನಿನ ಸೂಜಿ. 32 ಗೇಜ್ ಸೂಜಿ ಅಂದರೆ ದಪ್ಪ 0.23 ಮಿಲಿಮೀಟರ್. ನೋವಾಗಬಾರದು ಅಂತಲೇ ಅಷ್ಟು ಸಣ್ಣ ಮಾಡಿರೋದು, ಹಾಗಾಗಿ ಚುಚ್ಚಿಸಿಕೊಂಡವರು "ಏನಿಲ್ಲ ಬಿಡಿ" ಅಂದು ಕೆಲಸ ಮುಂದುವರಿಸುತ್ತಾರೆ.

"ಚುಚ್ಚಿದ್ಮೇಲೆ ಏನ್ ಮಾಡಿದ್ರಿ?"

"ಬಾಯಾಗಿಟ್ಕಂಡು ಚೀಪಿ ಉಗಿದೆ."

ಎಲ್ಲರೂ ಮಾಡೋದೇ ಅದು, ಮಾಡಬಾರದ್ದೂ ಅದೇ. ಚೀಪಬಾರದು, ಹಿಂಡಬಾರದು, ಗಾಯದ ಮೇಲೆ ಸ್ಪಿರಿಟ್ಟು ಬ್ಲೀಚು ಸುರಿಯಬಾರದು. ಹರಿಯೋ ನೀರಲ್ಲಿ ಸೋಪು ಹಚ್ಚಿ ಚೆನ್ನಾಗಿ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯೋ ಮಾತ್ರೆ ಬೇಕೋ ಬೇಡವೋ ಅಂತ ಡಾಕ್ಟರು ತೀರ್ಮಾನಿಸುತ್ತಾರೆ. ಬೇಕಾದರೆ ಮೊದಲ ಎರಡು ಗಂಟೆಯಲ್ಲೇ ಶುರುವಾದರೆ ಒಳ್ಳೇದು, 72 ಗಂಟೆ ದಾಟಿದ ಮೇಲೆ ಕೊಡಲ್ಲ. ಕಸದ ಸೂಜಿಯಲ್ಲಿ ಅದಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಹೆಪಟೈಟಿಸ್ ಬಿ, ವೈರಸ್‌ನಿಂದ ಲಿವರಿಗೆ ಬರೋ ಕಾಯಿಲೆ. ಆ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಿರುತ್ತೆ. ಲಸಿಕೆ ಹಾಕಿಸಿಕೊಂಡಿರದಿದ್ದರೆ ಒಂದು ದಿನದೊಳಗೆ ಮೊದಲ ಡೋಸ್ ಬೀಳಬೇಕು. ಧನುರ್ವಾಯು ಇಂಜೆಕ್ಷನ್ ಹೇಗೂ ಹಾಕುತ್ತಾರೆ.

"ಲಸಿಕೆ ಹಾಕಿಸ್ಕೊಂಡಿದೀರಾ?"

"ಕೊರೊನಾದ್ದು ಎರಡೂ ಹಾಕ್ಸಿದೀನಲ್ಲಕ್ಕ."

ಚುಚ್ಚಿ ಆಗಲೇ ಸರಿಯಾಗಿ ಒಂದು ದಿನ. ಈಗ ಹೋದರೆ ಇವತ್ತಿನ ಹಾಜರಿ ಹೋಗುತ್ತೆ ಅನ್ನೋದು ಅವರ ಚಿಂತೆ. ಡ್ರೈವರ್ ಹುಡುಗ, "ಹೋಗು ಅಕ್ಕ, ಉಳಿದ ಎರಡು ಬೀದಿ ನಾನು ನೋಡ್ಕೋತೀನಿ" ಅಂದ. ಹೋದ್ರು.

ನಮ್ಮ ಮೂರು ಮಹಡಿಯಲ್ಲಿ ಪೆನ್ ಬಳಸೋದು ಮೇಲ್ಮನೆ ಅಜ್ಜಿ ಒಬ್ಬರೇ. ಗೊಂಬೆ ಕೂರಿಸಿದ ಮನೆ, ಬರಿಗೈಲಿ ಕಳಿಸಲ್ಲ. ಕಡಲೆಕಾಳು ಉಸಲಿ ಕೈಗಿಟ್ಟು ಅಜ್ಜಿ ಹೇಳಿದ್ದು, "ನಾನು ಮುಚ್ಚಳ ಹಾಕದೆ ಒಂದು ದಿನವೂ ಎಸೆದಿಲ್ಲಮ್ಮ. ಬೇಕಾದ್ರೆ ನೋಡು." ತೋರಿಸಿದರು. ಸುಳ್ಳಲ್ಲ. ಒಂದೊಂದು ಸೂಜಿಗೂ ಪುಟ್ಟ ಒಳಮುಚ್ಚಳ ಹಾಕಿ, ಅಷ್ಟನ್ನೂ ಖಾಲಿ ಬಿಸ್ಕತ್ ಪೊಟ್ಟಣದಲ್ಲಿ ತುಂಬಿ ಒಣ ಕಸಕ್ಕೆ.

ಪೆನ್ ಸೂಜಿಗೆ ಎರಡು ತುದಿ ಅನ್ನೋದು ಅಜ್ಜಿಗೆ ಗೊತ್ತಿರಲಿಲ್ಲ. ಡಾಕ್ಟರೂ ಹೇಳಿರಲ್ಲ, ಮೆಡಿಕಲ್ ಶಾಪಿನವರೂ ಹೇಳಿರಲ್ಲ. ಮುಂದಿನ ತುದಿ ಹೊಟ್ಟೆಗೆ. ಹಿಂದಿನ ತುದಿ ಪೆನ್ನಿನೊಳಗಿರೋ ಇನ್ಸುಲಿನ್ ಕೊಳವೆಯ ರಬ್ಬರ್ ಬಿರಡೆ ಚುಚ್ಚೋದಕ್ಕೆ. ತಿರುಪು ಬಿಚ್ಚಿ ತೆಗೆದಾಗ ಆ ಹಿಂದಿನ ತುದಿ ಪ್ಲಾಸ್ಟಿಕ್ ಬಟ್ಟಲ ಮಧ್ಯ ನೆಟ್ಟಗೆ ನಿಂತಿರುತ್ತೆ. ಅಜ್ಜಿಯ ಕನ್ನಡಕ ಹಾಕಿಸಿ, ಕಿಟಕಿ ಬೆಳಕಿಗೆ ಹಿಡಿದು ತೋರಿಸಬೇಕಾಯ್ತು. "ಅಯ್ಯೋ ಶಿವನೇ" ಅಂದು ಅಜ್ಜಿ ತುಂಬ ಹೊತ್ತು ಅದನ್ನೇ ನೋಡಿದರು.

ಒಳಮುಚ್ಚಳವನ್ನು ವಾಪಸ್ ಹಾಕೋಕೇ ಹೋಗಬಾರದು, ಹಾಕುವಾಗ ನಮ್ಮ ಬೆರಳಿಗೇ ಚುಚ್ಚೋದು ಜಾಸ್ತಿ. ದೊಡ್ಡ ಹೊರಮುಚ್ಚಳವನ್ನು ಬಾಯಿ ಮೇಲೆ ಮಾಡಿ ಮೇಜಿನ ಮೇಲಿಟ್ಟು, ಒಂದೇ ಕೈಯಲ್ಲಿ ಪೆನ್ ಹಿಡಿದು ಸೂಜಿಯನ್ನು ಅದರೊಳಗೆ ಇಳಿಸಿ ಒತ್ತಬೇಕು. ಕೂತ ಮೇಲೆ ಎಡಕ್ಕೆ ತಿರುಗಿಸಿದರೆ ಮುಚ್ಚಳದ ಸಮೇತ ಬಿಚ್ಚಿ ಬರುತ್ತೆ. ಆದರೆ ಹೊರಮುಚ್ಚಳ ಹಾಕಿದರೂ ಹಿಂದಿನ ತುದಿ ತೆರೆದೇ ಇರುತ್ತೆ, ಸ್ವಲ್ಪ ಒಳಗಿರುತ್ತೆ ಅಷ್ಟೇ. ಅದಕ್ಕೇ ಬಾಟಲಿ ಬೇಕು. ನೀರಿನ ಬಾಟಲಿ ಆಗಲ್ಲ, ತೆಳು, ಕಾಲಲ್ಲಿ ತುಳಿದರೆ ಸೂಜಿ ಆಚೆ ಬರುತ್ತೆ. ಬಟ್ಟೆ ಒಗೆಯೋ ಲಿಕ್ವಿಡ್ಡಿನದ್ದೋ ಫಿನಾಯಿಲಿನದ್ದೋ ಗಟ್ಟಿ ಬಾಟಲಿ, ತಿರುಪಿನ ಮುಚ್ಚಳ ಇರಬೇಕು. ಮುಕ್ಕಾಲು ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ ಸುತ್ತ ಟೇಪು. ಮತ್ತೆ ತೆಗೆಯೋದಿಲ್ಲ. ಕೆಲವು ಕ್ಲಿನಿಕ್, ಲ್ಯಾಬುಗಳು ತಮ್ಮ ಸೂಜಿಗಳ ಜೊತೆ ತೆಗೆದುಕೊಳ್ಳುತ್ತವೆ, ರಕ್ತಪರೀಕ್ಷೆಗೆ ಹೋದಾಗ ಕೇಳಿ ಕೊಟ್ಟು ಬರಬಹುದು. ಇಲ್ಲವಾದರೆ ಆಟೋದವರ ಕೈಗೇ, ಇದು ಸೂಜಿ ಅಂತ ಹೇಳಿ ಕೊಡಬೇಕು.

ಮೇಲೆ "ಸೂಜಿ" ಅಂತ ಬರೆಯೋಣ ಅಂದೆ. ಬೆಳಗ್ಗೆ ಆಟೋದಮ್ಮ ಹೇಳಿದ್ದು ಅಜ್ಜಿಗೆ ಆಗಲೇ ಮುಟ್ಟಿತ್ತು: ನಂಗೆ ಓದೋಕೆ ಬರಲ್ಲ, ಚಿತ್ರ ಬರೀರಿ. ಅಜ್ಜಿ ರಂಗೋಲಿ ಕೈಯವರು. ಕೆಂಪು ಮಾರ್ಕರಿನಲ್ಲಿ ಬರೆದ ಸೂಜಿಗೆ ದಾರ ಬೇರೆ ಪೋಣಿಸಿದ್ದಾರೆ.

ಒಂದು ಸೂಜಿಯನ್ನು ನಾಲ್ಕೈದು ಸಲ ಬಳಸುತ್ತಾರಂತೆ. "ದುಡ್ಡಲ್ವಾ?" ಅದರ ಮಾತು ಇವತ್ತು ಬೇಡ ಅಂತ ಬಿಟ್ಟೆ.

ಆಯುಧಪೂಜೆ ಬಂತು ಅಂದರೆ ಅಟ್ಟದ ಮೇಲಿನದ್ದೆಲ್ಲ ಕೆಳಗಿಳಿಯುತ್ತೆ. ಮೆಟ್ಟಿಲ ಮೂಲೆಯಲ್ಲಿ ಮೂರು ಹಳೇ ಟ್ಯೂಬ್‌ಲೈಟ್ ಹಗ್ಗ ಕಟ್ಟಿ ಒರಗಿಸಿದ್ದರು, ಮಕ್ಕಳು ಬಾಲ್ ಆಡೋ ಜಾಗ. ಹೊಸದರ ರಟ್ಟಿನ ಕವಚ ಇದ್ದರೆ ಅದರಲ್ಲೇ ತೂರಿಸಿ ಅಡ್ಡ ಮಲಗಿಸಿ ಇಡಬೇಕು. ಒಡೆದರೆ ಮೊದಲು ಫ್ಯಾನ್ ಆರಿಸಿ, ಕಿಟಕಿ ತೆಗೆದು, ಎಲ್ಲರೂ ಹತ್ತು ಹದಿನೈದು ನಿಮಿಷ ಆಚೆ. ಪೊರಕೆ ಬೇಡ, ವ್ಯಾಕ್ಯೂಮ್ ಅಂತೂ ಬೇಡವೇ ಬೇಡ, ಪಾದರಸದ ಆವಿಯನ್ನು ಮನೆಯೆಲ್ಲ ಹರಡುತ್ತೆ. ಎರಡು ಲಗ್ನಪತ್ರಿಕೆಯ ರಟ್ಟಲ್ಲಿ ಚೂರು ಗೋರಿ, ಉಳಿದ ಪುಡಿಯನ್ನು ಟೇಪಿಗೆ ಅಂಟಿಸಿ, ಒದ್ದೆ ಪೇಪರಿನಲ್ಲಿ ಒರೆಸಿ, ಎಲ್ಲವನ್ನೂ ಮುಚ್ಚಳದ ಗಾಜಿನ ಬಾಟಲಿಗೆ ಹಾಕಬೇಕು. ಎಲ್‌ಇಡಿ ಟ್ಯೂಬಿನಲ್ಲಿ ಪಾದರಸ ಇಲ್ಲ, ಅದು ಇ-ತ್ಯಾಜ್ಯ.

ಎರಡನೇ ಮನೆಯವರ ಪೆಟ್ಟಿಗೆಯಲ್ಲಿ ಹಳೇ ಜ್ವರದ ಥರ್ಮಾಮೀಟರ್, ಹತ್ತಿಯಲ್ಲಿ ಸುತ್ತಿಟ್ಟಿದ್ದು. ಅದೊಂದರಲ್ಲಿರೋ ಪಾದರಸ ಎಷ್ಟೋ ಟ್ಯೂಬ್‌ಲೈಟಿನಲ್ಲಿರೋದಕ್ಕೆ ಸಮ. ಒಡೆದುಹೋದರೆ ಹೆಂಗಸರು ಮೊದಲು ಬಳೆ, ಉಂಗುರ ಬಿಚ್ಚಿಡಬೇಕು. ಪಾದರಸ ತಾಗಿದ ಚಿನ್ನ ಬೆಳ್ಳಗಾಗುತ್ತೆ, ತಿಕ್ಕಿದರೆ ಹೋಗಲ್ಲ. ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದರೆ ಮಣಿಗಳು ಮಿಂಚುತ್ತವೆ. ರಟ್ಟಿನಿಂದ ಒಂದಕ್ಕೊಂದು ತಳ್ಳಿ ಕೂಡಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಹೀರಿ, ಸ್ವಲ್ಪ ನೀರಿರೋ ಬಾಟಲಿಗೆ ಬಿಟ್ಟು ಬಿಗಿಯಾಗಿ ಮುಚ್ಚಬೇಕು.

ಊದಿಕೊಂಡ ಮೊಬೈಲ್ ಬ್ಯಾಟರಿಯೂ ಒಂದಿತ್ತು, ದಿಂಬಿನ ಹಾಗೆ. ಅದನ್ನು ಸೊಳ್ಳೆಬತ್ತಿ ಡಬ್ಬಿ, ಬೆಂಕಿಪೊಟ್ಟಣದ ಜೊತೆ ಒಂದೇ ಕವರಿನಲ್ಲಿ ಹಾಕಿದ್ದರು! ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಲೋಹದ ತುದಿಗಳಿಗೆ ಟೇಪು ಅಂಟಿಸಿ ಒಣ ಮರಳಿನ ಮಡಕೆಯಲ್ಲಿಟ್ಟು ಬಾಲ್ಕನಿಗೆ ಸಾಗಿಸಿದ್ದಾಯ್ತು. ಇನ್ವರ್ಟರ್ ಬ್ಯಾಟರಿಯನ್ನು ಗುಜರಿಯವನಿಗೆ ಹಾಕ್ತೀವಿ ಅಂತಿದ್ದಾರೆ. ಅವನು ಆ್ಯಸಿಡ್ ಮೋರಿಗೆ ಸುರಿದು ಸೀಸ ಮಾತ್ರ ತೆಗೆದುಕೊಳ್ಳುತ್ತಾನೆ. ಹೊಸದು ತರುವ ಅಂಗಡಿಗೇ ಕೊಟ್ಟರೆ ಬೆಲೆಯಲ್ಲೂ ಮುರಿದುಕೊಳ್ಳುತ್ತಾರೆ. ನೋಡಬೇಕು.

2016ರ ಘನತ್ಯಾಜ್ಯ ನಿಯಮದಲ್ಲಿ ಇಂಥದ್ದನ್ನೆಲ್ಲ ತೆಗೆದುಕೊಳ್ಳೋಕೆ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು, ಅದರ ಸಮಯವನ್ನೂ ಜನರಿಗೆ ತಿಳಿಸಬೇಕು ಅಂತಿತ್ತು. ಬೆಂಗಳೂರು ಏಳುನೂರು ಚದರ ಕಿಲೋಮೀಟರ್ ಮೀರಿದ ಊರು. ಅಂದರೆ ಮೂವತ್ತೈದಾದರೂ ಇರಬೇಕಿತ್ತು. ಇದನ್ನು ಓದುತ್ತಿರುವ ಎಷ್ಟು ಜನ ಒಂದನ್ನಾದರೂ ಕಣ್ಣಾರೆ ಕಂಡಿದ್ದೀರಿ?

ಉಸಲಿ ಚೆನ್ನಾಗಿತ್ತು. ಇಂಗು ಸ್ವಲ್ಪ ಮುಂದೆ.

ಏಳೂವರೆಗೆ ಆಟೋದಮ್ಮನ ಫೋನು. ಸೂಜಿ ಯಾರದ್ದು ಅಂತ ಡಾಕ್ಟರು ಕೇಳಿದರಂತೆ, ಅಜ್ಜಿಯದ್ದು ಅಂತ ಹೇಳಿದೆ ಅಂದ್ರು. ರಕ್ತ ತೆಗೆದುಕೊಂಡಿದ್ದಾರೆ, ಲಸಿಕೆ ಮೊದಲ ಡೋಸ್ ಹಾಕಿದ್ದಾರೆ. ಎರಡನೇದು ಒಂದು ತಿಂಗಳಿಗೆ, ಮೂರನೇದು ಇವತ್ತಿಂದ ಆರು ತಿಂಗಳಿಗೆ. "ಅಷ್ಟು ದಿನ ಯಾರ್ ನೆನಪಿಟ್ಕಂತಾರೆ, ನೀನೇ ಬರೆದಿಟ್ಕೊಳಕ್ಕ."

ನವೆಂಬರ್ 8ಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದೆ. ಮೂರನೇದು ಏಪ್ರಿಲ್. ಹೊಸ ಕ್ಯಾಲೆಂಡರ್ ಇನ್ನೂ ಬಂದಿಲ್ಲ, ಎಲ್ಲಿ ಬರೆಯೋದು ಅಂತ ಯೋಚನೆ.