ಹೆಸರಿಲ್ಲದ ಎರಡು ಸಾಲು

ರಾತ್ರಿ ಈಜಿಪ್ಟಿನ ಫುಟ್‌ಬಾಲ್ ಲೀಗ್ ಗೆದ್ದವರ ಪಟ್ಟಿ ನೋಡುತ್ತಾ ಕುಳಿತಿದ್ದೆ. ಅಲ್ ಅಹ್ಲಿ, ಮತ್ತೆ ಅಲ್ ಅಹ್ಲಿ, ನಡುನಡುವೆ ಝಮಾಲೆಕ್. 2012 ಮತ್ತು 2013ರ ಎದುರು ಮಾತ್ರ ಯಾರ ಹೆಸರೂ ಇಲ್ಲ. ಕಣ್ಣು ಅಲ್ಲೇ ನಿಂತುಬಿಟ್ಟಿತು.

2012ರ ಫೆಬ್ರುವರಿ 1ರಂದು ಪೋರ್ಟ್ ಸೈದ್ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದೊಡನೆ ಭುಗಿಲೆದ್ದ ಹಿಂಸೆಯಲ್ಲಿ 70ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಅಲ್ ಅಹ್ಲಿಯ ಅಭಿಮಾನಿಗಳು, ಎಳೆಯ ಹುಡುಗರು. ಆ ಋತುವಿನ ಲೀಗ್ ರದ್ದಾಯಿತು. ಮರುವರ್ಷ ಖಾಲಿ ಗ್ಯಾಲರಿಗಳ ಎದುರು ಲೀಗ್ ಮತ್ತೆ ಶುರುವಾಯಿತು. ಜುಲೈಯಲ್ಲಿ ಸೇನೆ ಅಧ್ಯಕ್ಷ ಮೊರ್ಸಿಯವರನ್ನು ಪದಚ್ಯುತಗೊಳಿಸಿ ದೇಶ ಹೊತ್ತಿಕೊಂಡಾಗ ಅದನ್ನೂ ಕೈಬಿಟ್ಟರು.

ಹೋದ ಜೀವಗಳ ಮುಂದೆ ಒಂದು ಟ್ರೋಫಿ ಯಾವ ಲೆಕ್ಕ? ಆದರೂ ನನಗೆ ಸಂಕಟವಾಗುತ್ತದೆ. ಆಟಗಾರನ ಕಾಲಿಗೆ ಕಸುವಿರುವುದೇ ಹತ್ತು ಹನ್ನೆರಡು ವರ್ಷ. ಅದರಲ್ಲಿ ಎರಡು ಹೀಗೆ ಹೋದವು. ದೊಡ್ಡ ಕ್ಲಬ್ಬಿನವರು ಹೇಗೋ ತಾಳಿಕೊಂಡಿರಬಹುದು. ಸಣ್ಣ ಊರಿನ ತಂಡದ ಗೋಲ್‌ಕೀಪರ್ ಮನೆ ಹೇಗೆ ನಡೆಸಿದನೋ!

ಅಲ್ ಅಹ್ಲಿಯ ಆಟಗಾರ ಅಬೂತ್ರಿಕಾ ನೆನಪಾಗುತ್ತಾರೆ. ಪೋರ್ಟ್ ಸೈದ್‌ನ ಆ ರಾತ್ರಿಯ ನಂತರ ಇನ್ನು ಆಡುವುದಿಲ್ಲ ಎಂದಿದ್ದವರು, ಮತ್ತೆ ಬಂದರು. ತಾಯ್ನಾಡಿನಲ್ಲಿ ಲೀಗ್ ಪೂರ್ತಿಯಾಗದಿದ್ದರೂ ಅಲ್ ಅಹ್ಲಿ ಆ ಎರಡೂ ವರ್ಷ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಗೆದ್ದಿತು. 2013ರ ನವೆಂಬರಿನಲ್ಲಿ, ಕೈರೋದಲ್ಲಿ ನಡೆದ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದವರು ಅವರೇ.